ಕ್ವಾಂಟಮ್ ಕಂಪ್ಯೂಟಿಂಗ್‌ನ ಮೊದಲ ಪಾಠಕ್ಕೆ ಒಂದು ಪೆಟ್ಟಿಗೆ, ಒಂದು ಸಿಮ್ಯುಲೇಟರ್: ಹನ್ನೊಂದು ದಿನಗಳ ಕೆಲಸದ ದಾಖಲೆ

ಕಳೆದ ಸಲ ನಾಲ್ವರು ಆರಂಭಿಕರಿಗೆ ಕ್ವಾಂಟಮ್ ಕಂಪ್ಯೂಟಿಂಗ್‌ನ ಪರಿಚಯ ಮಾಡಿಕೊಡುವಾಗ ನಾನು ಎಲ್ಲರೂ ಹೇಳುವ ಮಾತನ್ನೇ ಹೇಳಿದ್ದೆ: ಸಾಮಾನ್ಯ ಬಿಟ್ 0 ಅಥವಾ 1 ಆಗಿರುತ್ತದೆ, ಕ್ಯೂಬಿಟ್ ಏಕಕಾಲಕ್ಕೆ ಎರಡೂ ಆಗಿರುತ್ತದೆ. ಅವರಲ್ಲೊಬ್ಬರು ಕೂಡಲೇ ಕೇಳಿದರು: "ಹಾಗಾದರೆ ಮೇಜಿನ ಮೇಲೆ ಗಿರಗಿರನೆ ತಿರುಗುತ್ತಿರುವ ನಾಣ್ಯಕ್ಕೂ ಇದಕ್ಕೂ ಏನು ವ್ಯತ್ಯಾಸ?" ನನ್ನ ಬಳಿ ಇದ್ದುದು ಮಾತಿನ ಉತ್ತರ ಮಾತ್ರ, ತೋರಿಸಲು ಏನೂ ಇರಲಿಲ್ಲ. ಆ ಪ್ರಶ್ನೆಗೆ ಕೈಯಿಂದ ಮುಟ್ಟಿ, ಅಂಕಿಗಳಲ್ಲಿ ನೋಡಿ ಒಪ್ಪಬಹುದಾದ ಉತ್ತರ ಕೊಡಬೇಕೆಂದು ಈ ಕೆಲಸಕ್ಕೆ ಇಳಿದೆ. ಸಿದ್ಧವಾದದ್ದು ಎರಡು ವಸ್ತುಗಳು: ಬೆಳಕಿನ ಧ್ರುವೀಕರಣವನ್ನು, ಅಂದರೆ ಅದರ ತರಂಗ ಕಂಪಿಸುವ ದಿಕ್ಕನ್ನು, ತೋರಿಸುವ ಒಂದು ರಟ್ಟಿನ ಪೆಟ್ಟಿಗೆ, ಮತ್ತು ಕ್ಯೂಬಿಟ್‌ಗಳ ವರ್ತನೆಯನ್ನು ಅನುಕರಿಸುವ, ಪೈಥಾನ್‌ನಲ್ಲಿ ಬರೆದ ಸುಮಾರು 180 ಸಾಲುಗಳ ಸಿಮ್ಯುಲೇಟರ್.

ಬಳಸಿದ ಸಾಮಗ್ರಿ ಇಷ್ಟು: ಐದು ಸೆಂಟಿಮೀಟರ್ ಚದರದ ಮೂರು ರೇಖೀಯ ಪೋಲರೈಸರ್ ಹಾಳೆಗಳು (ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥವು), ಒಂದು ಎಲ್‌ಇಡಿ ಟಾರ್ಚ್, ಪಾದರಕ್ಷೆಯ ಖಾಲಿ ಪೆಟ್ಟಿಗೆ, ಕಪ್ಪು ಕಾಗದ, ತೆಳುವಾದ ಬಿಳಿ ಕಾಗದ, ಕೋನಮಾಪಕ, ಬೆಳಕಿನ ಸೆನ್ಸರ್ ಇರುವ ಮೊಬೈಲ್ ಫೋನ್, ಮತ್ತು 8 ಜಿಬಿ ಮೆಮೊರಿಯ ಕಂಪ್ಯೂಟರ್. ಪೈಥಾನ್ ಮತ್ತು ಅದರ ನಮ್‌ಪೈ ಲೈಬ್ರರಿ ಎರಡೂ ಉಚಿತ. ಹಣಕ್ಕಿಂತ ಹೆಚ್ಚು ಖರ್ಚಾದದ್ದು ಸಮಯ. ಲೆಕ್ಕ ಇಟ್ಟ ಪ್ರಕಾರ ಒಟ್ಟು 33 ಗಂಟೆಗಳು ಹಿಡಿದವು, ಅದರಲ್ಲಿ ಅರ್ಧಕ್ಕೂ ಹೆಚ್ಚು ತಪ್ಪುಗಳನ್ನು ಹುಡುಕುವುದರಲ್ಲಿಯೇ ಹೋಯಿತು.

ದಿನ 1: ಪೆಟ್ಟಿಗೆ

ಮೊದಲ ತಪ್ಪು ಸಾಮಗ್ರಿಯ ಆಯ್ಕೆಯಲ್ಲಿಯೇ ಆಯಿತು. ಪೋಲರೈಸರ್ ಹಾಳೆಗಳು ಇನ್ನೂ ಕೈಸೇರಿರಲಿಲ್ಲವಾದ್ದರಿಂದ, ತ್ರೀ-ಡಿ ಚಿತ್ರ ನೋಡಲು ಕೊಡುವ ಎರಡು ಕನ್ನಡಕಗಳ ಗಾಜುಗಳನ್ನು ಬಿಚ್ಚಿ ಒಂದರ ಹಿಂದೆ ಒಂದಿಟ್ಟು, ಹಿಂದಿನದನ್ನು ತಿರುಗಿಸುತ್ತ ಹೋದೆ. 90 ಡಿಗ್ರಿಗೆ ತಿರುಗಿಸಿದಾಗ ಕತ್ತಲಾಗಬೇಕೆಂಬುದು ನನ್ನ ನಿರೀಕ್ಷೆ. ಯಾವ ಕೋನಕ್ಕೆ ತಿರುಗಿಸಿದರೂ ಬೆಳಕು ಹೆಚ್ಚುಕಡಿಮೆ ಅಷ್ಟೇ ಇತ್ತು, ಬಣ್ಣ ಮಾತ್ರ ಕೊಂಚ ಹಳದಿ, ಕೊಂಚ ನೀಲಿಯಾಗುತ್ತಿತ್ತು. ಒಂದು ಗಾಜನ್ನು ಹಿಂದುಮುಂದಾಗಿಸಿ, ಕಣ್ಣಿನ ಕಡೆಯ ಮುಖಗಳೆರಡೂ ಎದುರುಬದುರಾಗುವಂತೆ ಇಟ್ಟಾಗ ಮಾತ್ರ 90 ಡಿಗ್ರಿಯಲ್ಲಿ ಕತ್ತಲಾಯಿತು. ಈ ಕನ್ನಡಕಗಳು ವೃತ್ತೀಯ ಧ್ರುವೀಕರಣದವು, ಅಂದರೆ ಕಂಪನದ ದಿಕ್ಕು ಸುತ್ತುತ್ತ ಸಾಗುವ ಬೆಳಕಿಗೆ ಮಾಡಿದವು. ಅವುಗಳ ಹೊರಮುಖದಲ್ಲಿ, ಬೆಳಕಿನ ಒಂದು ಘಟಕವನ್ನು ಕಾಲು ತರಂಗದಷ್ಟು ಹಿಂದೆ ಹಾಕುವ ಕಾಲು-ತರಂಗದ ಒಂದು ಪದರವಿರುತ್ತದೆ, ಅದರ ಹಿಂದೆ ಕಣ್ಣಿನ ಕಡೆಗೆ ರೇಖೀಯ ಹಾಳೆ ಇರುತ್ತದೆ. ಆರಂಭಿಕರಿಗೆ ಇದನ್ನು ಕೊಟ್ಟರೆ ಗೊಂದಲವಾದೀತೆಂದು ಗಾಜುಗಳನ್ನು ಮೇಜಿನ ಖಾನೆಗೆ ಹಾಕಿ, ರೇಖೀಯ ಹಾಳೆಗಳು ಬರುವವರೆಗೆ ಕಾದೆ.

ಪೆಟ್ಟಿಗೆಯ ಒಂದು ಬದಿಗೆ 3 ಸೆಂಟಿಮೀಟರ್ ವ್ಯಾಸದ ತೂತು ಕೊರೆದು ಟಾರ್ಚ್ ಕೂರಿಸಿದೆ, ಅದರ ಮುಂದೆ ಬೆಳಕು ಸಮನಾಗಿ ಹರಡಲೆಂದು ಎರಡು ಪದರ ಬಿಳಿ ಕಾಗದ ಅಂಟಿಸಿದೆ. ನಡುವೆ 4 ಸೆಂಟಿಮೀಟರ್ ಅಂತರದಲ್ಲಿ ಮೂರು ಸೀಳುಗಳನ್ನು ಮಾಡಿ, ರಟ್ಟಿನ ಚೌಕಟ್ಟಿಗೆ ಅಂಟಿಸಿದ ಹಾಳೆಗಳನ್ನು ಅವುಗಳಲ್ಲಿ ಇಳಿಸುವಂತೆ ಮಾಡಿದೆ. ಎದುರು ಬದಿಯಲ್ಲಿ ಫೋನಿನ ಸೆನ್ಸರ್ ಇಟ್ಟೆ. ಎರಡು ಹಾಳೆಗಳನ್ನು ಪರಸ್ಪರ ಲಂಬವಾಗಿಟ್ಟರೂ ಮೊದಲ ಸಲ ಶೇ 9ರಷ್ಟು ಬೆಳಕು ತೋರಿಸಿತು. ಅದು ಹಾಳೆಯ ದೋಷವೆಂದುಕೊಂಡು ಅರ್ಧ ಗಂಟೆ ಕಳೆದ ಮೇಲೆ ತಿಳಿದದ್ದೇನೆಂದರೆ, ಬೆಳಕು ಸೀಳುಗಳ ಅಂಚಿನಿಂದ ಸೋರುತ್ತಿತ್ತು ಮತ್ತು ಪೆಟ್ಟಿಗೆಯ ಒಳಗಿನ ಬಿಳಿ ರಟ್ಟು ಅದನ್ನು ಪ್ರತಿಫಲಿಸುತ್ತಿತ್ತು. ಒಳಗೆಲ್ಲ ಕಪ್ಪು ಕಾಗದ ಹಚ್ಚಿದ ಮೇಲೆ ಅದು ಶೇ 1ಕ್ಕಿಂತ ಕೆಳಗಿಳಿಯಿತು.

ಮೊದಲ ಹಾಳೆಯೊಂದೇ ಇದ್ದಾಗಿನ ಬೆಳಕನ್ನು 100 ಎಂದು ಹಿಡಿದರೆ, ಎರಡನೆಯ ಹಾಳೆಯ ಕೋನಕ್ಕೆ ತಕ್ಕಂತೆ ಸಿಕ್ಕ ಅಂಕಿಗಳು ಹೀಗಿದ್ದವು: 0 ಡಿಗ್ರಿಗೆ 82, 30ಕ್ಕೆ 61, 45ಕ್ಕೆ 41, 60ಕ್ಕೆ 21, 90ಕ್ಕೆ 1ಕ್ಕಿಂತ ಕಡಿಮೆ. ಕೊಸೈನ್‌ನ ವರ್ಗದ ಲೆಕ್ಕದಂತೆ 100, 75, 50, 25, 0 ಬರಬೇಕು. ಹಾಳೆ ತನ್ನ ದಿಕ್ಕಿನ ಬೆಳಕನ್ನೂ ಸ್ವಲ್ಪ ಹೀರಿಕೊಳ್ಳುವುದರಿಂದ ಎಲ್ಲವನ್ನೂ 0.82ರಿಂದ ಗುಣಿಸಬೇಕಾಯಿತು, ಗುಣಿಸಿದರೆ ಅಂಕಿಗಳು ಚೆನ್ನಾಗಿ ಹೊಂದುತ್ತವೆ. ಆಮೇಲೆ ಲಂಬವಾಗಿದ್ದ ಎರಡು ಹಾಳೆಗಳ ನಡುವಿನ ಸೀಳಿಗೆ ಮೂರನೆಯದನ್ನು 45 ಡಿಗ್ರಿಯಲ್ಲಿ ಇಳಿಸಿದೆ. ಕತ್ತಲಿದ್ದ ಕಡೆ ಬೆಳಕು ಬಂತು, 17 ಎಂದು ಅಳತೆ ತೋರಿಸಿತು. ಬೆಳಕಿಗೆ ಅಡ್ಡವಾಗಿ ಇನ್ನೊಂದು ಹಾಳೆ ಇಟ್ಟಾಗ ಬೆಳಕು ಹೆಚ್ಚಾಗುವುದನ್ನು ನಾನು ಎಷ್ಟೋ ಸಲ ಓದಿದ್ದೆ, ಆದರೂ ನನ್ನ ಕೈಯ ಹಾಳೆ ಸೀಳಿನಲ್ಲಿ ಇಳಿಯುತ್ತಿದ್ದಂತೆ ಬಿಳಿಯ ಚೌಕವೊಂದು ಮೂಡಿದಾಗ ಅದನ್ನು ಹತ್ತಾರು ಬಾರಿ ತೆಗೆದು ಹಾಕಿ ನೋಡಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಬರೆದಿಡಬೇಕು. ಟಾರ್ಚಿನ ಬೆಳಕಿನಲ್ಲಿ ಎಣಿಸಲಾಗದಷ್ಟು ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಇರುತ್ತವೆ, ಈ ಅಳತೆಗಳನ್ನು ಬೆಳಕು ತರಂಗವೆಂದುಕೊಂಡೇ ಪೂರ್ತಿ ವಿವರಿಸಬಹುದು. ಆದ್ದರಿಂದ ಈ ಪೆಟ್ಟಿಗೆ ಕ್ವಾಂಟಮ್ ಸಿದ್ಧಾಂತಕ್ಕೆ ಸಾಕ್ಷ್ಯವಲ್ಲ. ಆದರೆ ಒಂದೊಂದೇ ಫೋಟಾನ್ ಕಳುಹಿಸಿದಾಗ ಅದು ಹಾಳೆಯನ್ನು ದಾಟುವ ಸಂಭವನೀಯತೆಗೂ ಇದೇ ಕೊಸೈನ್ ವರ್ಗದ ಲೆಕ್ಕವೇ ಅನ್ವಯಿಸುತ್ತದೆ. ಪೆಟ್ಟಿಗೆಯನ್ನು ನಾನು ಆ ಲೆಕ್ಕದ ಮಾದರಿಯಾಗಿ ಮಾತ್ರ ಬಳಸುತ್ತೇನೆ.

ದಿನ 2: ಸಂಭವನೀಯತೆಯಿಂದ ಹೊರಟು ದಾರಿ ತಪ್ಪಿದ್ದು

ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದ ತಪ್ಪು ಈ ದಿನದ್ದು. ಕ್ಯೂಬಿಟ್ ಎಂದರೆ 0 ಬರುವ ಸಂಭವನೀಯತೆ ಮತ್ತು 1 ಬರುವ ಸಂಭವನೀಯತೆ ಎಂಬ ಎರಡು ಸಂಖ್ಯೆಗಳ ಜೋಡಿ ಎಂದು ಸರಳಗೊಳಿಸಿ, ಸಿಮ್ಯುಲೇಟರನ್ನು ಅದರ ಮೇಲೆಯೇ ಕಟ್ಟಲು ಹೊರಟೆ. ಆರಂಭದ ಸ್ಥಿತಿ (1, 0). ಗೇಟ್ ಎಂದರೆ ಕ್ಯೂಬಿಟ್‌ನ ಸ್ಥಿತಿಯನ್ನು ಬದಲಿಸುವ ಒಂದು ಕ್ರಿಯೆ. ಹ್ಯಾಡಮಾರ್ಡ್ ಗೇಟ್, ಅಂದರೆ ಎಚ್ ಗೇಟ್, ಅದನ್ನು (0.5, 0.5) ಮಾಡಬೇಕು, ಹಾಗೆಯೇ ಮಾಡಿತು. ಪರೀಕ್ಷೆಗೆಂದು ಎಚ್ ಗೇಟನ್ನು ಇನ್ನೊಮ್ಮೆ ಹಾಕಿದೆ. ಎರಡು ಬಾರಿ ಹಾಕಿದರೆ ಕ್ಯೂಬಿಟ್ ಖಚಿತವಾಗಿ 0ಗೆ ಮರಳಬೇಕು, ನನ್ನ ಪ್ರೋಗ್ರಾಮ್ ಮಾತ್ರ (0.5, 0.5) ಎಂದೇ ಹೇಳಿತು. ಗೇಟನ್ನು ಸೂಚಿಸುವ ಮ್ಯಾಟ್ರಿಕ್ಸ್‌ನ, ಅಂದರೆ ಸಂಖ್ಯೆಗಳ ಚೌಕದ, ಸಂಖ್ಯೆಗಳನ್ನು ಬದಲಿಸುತ್ತ ಸುಮಾರು ಎರಡು ಗಂಟೆ ಕಳೆದೆ. ಎಷ್ಟೇ ಬದಲಿಸಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಸಂಭವನೀಯತೆಗಳು ಎಂದಿಗೂ ಸೊನ್ನೆಗಿಂತ ಕಡಿಮೆಯಾಗವು, ಅವು ಕೂಡಿಕೊಳ್ಳಬಲ್ಲವೇ ಹೊರತು ಒಂದನ್ನೊಂದು ಅಳಿಸಲಾರವು. ನಾನು ಕಟ್ಟಿದ್ದು ತಿರುಗುವ ನಾಣ್ಯವನ್ನು, ಕ್ಯೂಬಿಟ್ಟನ್ನಲ್ಲ.

ಸರಿಪಡಿಸಿದ್ದು ಹೀಗೆ. ಪ್ರತಿ ಉತ್ತರಕ್ಕೂ ಸಂಭವನೀಯತೆಯ ಬದಲು ಆಂಪ್ಲಿಟ್ಯೂಡ್ ಎಂಬ ಸಂಖ್ಯೆಯನ್ನು ಇಟ್ಟುಕೊಂಡೆ. ಅದು ಮೈನಸ್ ಕೂಡ ಆಗಬಹುದು. ಅಳತೆ ಮಾಡುವ ಕೊನೆಯ ಗಳಿಗೆಯಲ್ಲಿ ಮಾತ್ರ ಅದರ ವರ್ಗವನ್ನು ತೆಗೆದುಕೊಂಡರೆ ಸಂಭವನೀಯತೆ ಸಿಗುತ್ತದೆ. ಈ ನಿಯಮವನ್ನು 1926ರಲ್ಲಿ ಮ್ಯಾಕ್ಸ್ ಬಾರ್ನ್ ಕೊಟ್ಟರು. ಎಚ್ ಗೇಟ್‌ನ ನಾಲ್ಕು ಸಂಖ್ಯೆಗಳೂ 0.7071, ಅಂದರೆ 1/√2, ಆದರೆ ಕೊನೆಯದಕ್ಕೆ ಮಾತ್ರ ಮೈನಸ್ ಚಿಹ್ನೆ ಇದೆ. ಈಗ (1, 0) ಮೊದಲು (0.7071, 0.7071) ಆಗಿ, ಎರಡನೆಯ ಎಚ್ ಗೇಟ್ ನಂತರ (1, 0)ಗೆ ಮರಳಿತು. ಪರದೆಯ ಮೇಲೆ ಕಂಡದ್ದು 0.9999999999999998. ದಶಮಾಂಶದ ಈ ಸಣ್ಣ ದೋಷ ನೋಡುವವರ ಗಮನವನ್ನು ಬೇರೆಡೆ ಸೆಳೆಯುತ್ತದೆಯಾದ್ದರಿಂದ ಹತ್ತು ಸ್ಥಾನಗಳಿಗೆ ಪೂರ್ಣಗೊಳಿಸಿ ಮುದ್ರಿಸುವಂತೆ ಮಾಡಿದೆ.

ಇದನ್ನು ಮೇಜಿನ ಮೇಲೆ ತೋರಿಸಲು ನಾಲ್ಕು ರಟ್ಟಿನ ಚೀಟಿಗಳನ್ನು ಮಾಡಿದೆ. ಎರಡು ಎಚ್ ಗೇಟ್‌ಗಳ ಮೂಲಕ 0ಯಿಂದ ಹೊರಡುವ ದಾರಿಗಳು ನಾಲ್ಕು: 0-0-0, 0-1-0, 0-0-1, 0-1-1. ಮೊದಲ ಮೂರರ ಮೌಲ್ಯ ತಲಾ +1/2, ಕೊನೆಯದರದ್ದು −1/2. ಕೊನೆಯಲ್ಲಿ 0 ತಲುಪುವ ಎರಡು ಚೀಟಿಗಳನ್ನು ಒಟ್ಟಿಗಿಟ್ಟರೆ 1 ಆಗುತ್ತದೆ, 1 ತಲುಪುವ ಎರಡನ್ನು ಒಟ್ಟಿಗಿಟ್ಟರೆ ಪ್ಲಸ್ಸು ಮೈನಸ್ಸು ಸೇರಿ ಸೊನ್ನೆಯಾಗುತ್ತದೆ. ಮೈನಸ್ ಚೀಟಿಗೆ ಕೆಂಪು ಬಣ್ಣ ಹಚ್ಚಿದೆ. ನಾಲ್ವರಲ್ಲಿ ಮೂವರಿಗೆ ಕ್ಯೂಬಿಟ್ ಏನೆಂಬುದು ಹೊಳೆದದ್ದು ಆ ಕೆಂಪು ಚೀಟಿಯನ್ನು ಕೈಯಲ್ಲಿ ಹಿಡಿದಾಗ. ಪಾಠವನ್ನು ಸೂಪರ್‌ಪೊಸಿಷನ್ (ಏಕಕಾಲಕ್ಕೆ ಎರಡೂ ಆಗಿರುವುದು) ಎಂಬ ಪದದಿಂದಲ್ಲ, ಈ ಚೀಟಿಯಿಂದಲೇ ಆರಂಭಿಸಬೇಕೆಂದು ಆ ದಿನ ನಿರ್ಧರಿಸಿದೆ.

ದಿನ 3 ಮತ್ತು 4: ಎರಡು ಕ್ಯೂಬಿಟ್‌ಗಳು, ಎಡಬಲದ ಗೊಂದಲ

ಎರಡು ಕ್ಯೂಬಿಟ್‌ಗಳಿಗೆ 00, 01, 10, 11 ಎಂಬ ನಾಲ್ಕು ಉತ್ತರಗಳು, ಆದ್ದರಿಂದ ನಾಲ್ಕು ಆಂಪ್ಲಿಟ್ಯೂಡ್‌ಗಳು. ಸಿ-ನಾಟ್ ಗೇಟ್ ಬರೆದೆ: ನಿಯಂತ್ರಕ ಕ್ಯೂಬಿಟ್ 1 ಆಗಿದ್ದರೆ ಇನ್ನೊಂದನ್ನು ಅದು ತಿರುಗಿಸುತ್ತದೆ. ಮೊದಲ ಕ್ಯೂಬಿಟ್‌ಗೆ ಎಚ್, ಆಮೇಲೆ ಮೊದಲನೆಯದರಿಂದ ಎರಡನೆಯದಕ್ಕೆ ಸಿ-ನಾಟ್ ಹಾಕಿದರೆ 00 ಮತ್ತು 11 ಮಾತ್ರ ಅರ್ಧರ್ಧ ಬರಬೇಕು. ನನಗೆ ಬಂದದ್ದು 00 ಮತ್ತು 10. ಎಚ್ ಗೇಟ್ ಬರೆಯುವಾಗ ಕ್ಯೂಬಿಟ್‌ಗಳನ್ನು ಎಡದಿಂದ ಎಣಿಸಿದ್ದೆ, ಮರುದಿನ ಸಿ-ನಾಟ್ ಬರೆಯುವಾಗ ಬಲದಿಂದ ಎಣಿಸಿದ್ದೆ. ಈ ಒಂದು ತಪ್ಪಿಗೆ ಮೂರು ಗಂಟೆಗಳು ಹೋದವು. ಕ್ವಾಂಟಮ್ ಪ್ರೋಗ್ರಾಮ್ ಬರೆಯಲು ಬಳಸುವ ಕ್ವಿಸ್ಕಿಟ್‌ನಂಥ ಪ್ರಚಲಿತ ಸಾಧನ ಸೊನ್ನೆ ಕ್ರಮಸಂಖ್ಯೆಯ, ಅಂದರೆ ಮೊದಲ, ಕ್ಯೂಬಿಟ್ಟನ್ನು ಬಲತುದಿಯಲ್ಲಿ ಮುದ್ರಿಸುತ್ತದೆ, ಹಲವು ಪಠ್ಯಪುಸ್ತಕಗಳು ಎಡತುದಿಯಲ್ಲಿ ಬರೆಯುತ್ತವೆ. ಕಲಿಯುವವರು ಮುಂದೆ ಕ್ವಿಸ್ಕಿಟ್‌ಗೆ ಹೋಗುವ ಸಾಧ್ಯತೆ ಹೆಚ್ಚಿರುವುದರಿಂದ ಬಲದಿಂದ ಎಣಿಸುವ ಪದ್ಧತಿಯನ್ನೇ ಎಲ್ಲೆಡೆ ಇಟ್ಟುಕೊಂಡೆ.

ಇದೇ ಮಾಡುವವರಿಗೆ ಒಂದು ಸೂಚನೆ: ಪರೀಕ್ಷೆಗೆ 101ರಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಸಂಖ್ಯೆಯನ್ನು ಎಂದೂ ಬಳಸಬೇಡಿ, ಎಡಬಲದ ತಪ್ಪು ಅದರಲ್ಲಿ ಅಡಗಿಕೊಂಡುಬಿಡುತ್ತದೆ. 110 ಬಳಸಿದರೆ ಕೂಡಲೇ ಹೊರಬೀಳುತ್ತದೆ.

ದಿನ 5: ಮೆಮೊರಿ ಮುಗಿದದ್ದು

ಪ್ರತಿ ಗೇಟಿಗೂ ಇಡೀ ವ್ಯವಸ್ಥೆಯ ದೊಡ್ಡ ಮ್ಯಾಟ್ರಿಕ್ಸ್ ಕಟ್ಟಿ ಗುಣಿಸುತ್ತಿದ್ದೆ. 13 ಕ್ಯೂಬಿಟ್‌ಗಳಿಗೆ ಆ ಮ್ಯಾಟ್ರಿಕ್ಸ್ 512 ಎಂಬಿ, 14ಕ್ಕೆ 2 ಜಿಬಿ, 15ಕ್ಕೆ 8 ಜಿಬಿ. ಹದಿನೈದನೆಯದಕ್ಕೆ ಕಂಪ್ಯೂಟರ್ ಸ್ತಬ್ಧವಾಯಿತು, ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿದು ನಿಲ್ಲಿಸಬೇಕಾಯಿತು. ಉಳಿಸದೇ ಇದ್ದ ಸುಮಾರು ನಲವತ್ತು ಸಾಲುಗಳು ಹೋದವು. ದೊಡ್ಡ ಮ್ಯಾಟ್ರಿಕ್ಸ್‌ನ ಅಗತ್ಯವೇ ಇಲ್ಲ. ಒಂದು ಕ್ಯೂಬಿಟ್ ಮೇಲಿನ ಗೇಟ್ ಎಂದರೆ, ಆ ಒಂದು ಬಿಟ್‌ನಲ್ಲಿ ಮಾತ್ರ ವ್ಯತ್ಯಾಸವಿರುವ ಆಂಪ್ಲಿಟ್ಯೂಡ್‌ಗಳ ಜೋಡಿಗಳನ್ನು ಹುಡುಕಿ, ಪ್ರತಿ ಜೋಡಿಯನ್ನೂ ಎರಡಡ್ಡೆರಡರ ಪುಟ್ಟ ಮ್ಯಾಟ್ರಿಕ್ಸ್‌ನಿಂದ ಗುಣಿಸಿದರೆ ಸಾಕು. ಹಾಗೆ ಬದಲಿಸಿದ ಮೇಲೆ 15 ಕ್ಯೂಬಿಟ್‌ಗಳಿಗೆ 8 ಜಿಬಿಯ ಜಾಗದಲ್ಲಿ 256 ಕೆಬಿ ಸಾಕಾಯಿತು. ಆದರೂ ಪ್ರತಿ ಹೊಸ ಕ್ಯೂಬಿಟ್‌ಗೆ ಮೆಮೊರಿ ಇಮ್ಮಡಿಯಾಗುವುದನ್ನು ಯಾವ ಜಾಣ್ಮೆಯೂ ತಪ್ಪಿಸುವುದಿಲ್ಲ. ಸಾಮಾನ್ಯ ಕಂಪ್ಯೂಟರಿನಿಂದ ದೊಡ್ಡ ಕ್ವಾಂಟಮ್ ವ್ಯವಸ್ಥೆಯನ್ನು ಅನುಕರಿಸುವುದು ಏಕೆ ಕಷ್ಟವೆಂದು ಕೇಳುವವರಿಗೆ ಈಗ ಆ ಮೆಮೊರಿಯ ಅಂಕಿಗಳನ್ನೇ ತೋರಿಸುತ್ತೇನೆ.

ಇಲ್ಲಿ ಪ್ರತಿ ಸಂಖ್ಯೆಗೆ 8 ಬೈಟ್ ಹಿಡಿಯುತ್ತಿದ್ದುದನ್ನು ಗಮನಿಸಿಯೂ ಮುಂದೆ ಹೋದೆ. ಅದರ ಬೆಲೆಯನ್ನು ಹನ್ನೊಂದನೆಯ ದಿನ ತೆರಬೇಕಾಯಿತು.

ದಿನ 6: ಅಳತೆ

ಮೊದಲು ಬರೆದ ಅಳತೆಯ ಭಾಗವು ಸಂಭವನೀಯತೆಗೆ ತಕ್ಕಂತೆ ಒಂದು ಉತ್ತರವನ್ನು ಆರಿಸಿ ಹೇಳುತ್ತಿತ್ತು, ಆದರೆ ಸ್ಥಿತಿಯನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಅದೇ ಕ್ಯೂಬಿಟ್ಟನ್ನು ಬೆನ್ನಿಗೆ ಬೆನ್ನಾಗಿ ಎರಡು ಸಲ ಅಳೆದರೆ ಅರ್ಧ ಸಲ ಬೇರೆ ಬೇರೆ ಉತ್ತರ ಬರುತ್ತಿತ್ತು. ನಿಜವಾದ ಕ್ಯೂಬಿಟ್ ಹಾಗೆ ಮಾಡುವುದಿಲ್ಲ, ಒಮ್ಮೆ 1 ಎಂದು ಬಂದರೆ ಕೂಡಲೇ ಮತ್ತೆ ಅಳೆದಾಗಲೂ 1 ಎಂದೇ ಬರಬೇಕು. ಬಂದ ಉತ್ತರಕ್ಕೆ ಹೊಂದದ ಆಂಪ್ಲಿಟ್ಯೂಡ್‌ಗಳನ್ನೆಲ್ಲ ಸೊನ್ನೆ ಮಾಡಿ, ಉಳಿದವುಗಳ ವರ್ಗಗಳ ಮೊತ್ತ 1 ಆಗುವಂತೆ ಹಿಗ್ಗಿಸುವ ಸಾಲುಗಳನ್ನು ಸೇರಿಸಿದೆ. ದಶಮಾಂಶದ ಸಣ್ಣ ದೋಷಗಳಿಂದಾಗಿ ನಮ್‌ಪೈ ಒಂದೆರಡು ಸಲ ತಕರಾರು ಮಾಡಿದ್ದರಿಂದ, ಉತ್ತರ ಆರಿಸುವ ಮುನ್ನವೇ ಸಂಭವನೀಯತೆಗಳನ್ನು ಅವುಗಳ ಮೊತ್ತದಿಂದ ಭಾಗಿಸುವ ಇನ್ನೊಂದು ಸಾಲನ್ನೂ ಹಾಕಿದೆ. ಈ ಎರಡನೆಯ ಸಾಲನ್ನು ಹಾಕಬಾರದಿತ್ತು.

ಅಳತೆ ಸಿದ್ಧವಾದ ಕೂಡಲೇ ನಾಣ್ಯದ ಪ್ರಶ್ನೆಗೆ ಉತ್ತರ ಕೈಗೆ ಬಂತು. ಎಚ್, ಎಚ್ ಹಾಕಿ ಕೊನೆಯಲ್ಲಿ ಅಳೆದರೆ 1000 ಸಲದಲ್ಲಿ 1000 ಸಲವೂ 0. ಅದೇ ಎರಡು ಎಚ್‌ಗಳ ನಡುವೆ ಒಮ್ಮೆ ಅಳೆದು, ಆ ಉತ್ತರವನ್ನು ಯಾರೂ ನೋಡದೆ ಬಿಟ್ಟರೂ, ಕೊನೆಯಲ್ಲಿ 0 ಬಂದದ್ದು 508 ಸಲ, 1 ಬಂದದ್ದು 492 ಸಲ. ತಿರುಗುವ ನಾಣ್ಯವನ್ನು ನಡುವೆ ಇಣುಕಿ ನೋಡಿದರೂ ನೋಡದಿದ್ದರೂ ಕೊನೆಯ ಲೆಕ್ಕ ಬದಲಾಗುವುದಿಲ್ಲ, ಕ್ಯೂಬಿಟ್‌ನದು ಬದಲಾಗುತ್ತದೆ. ನಡುವಿನ ಅಳತೆ ಒಂದು ದಾರಿಯನ್ನು ಮಾತ್ರ ಉಳಿಸುವುದರಿಂದ ಕೆಂಪು ಚೀಟಿಗೆ ಅಳಿಸಲು ಜೊತೆ ಸಿಗುವುದಿಲ್ಲ.

ಪೆಟ್ಟಿಗೆಯ ಮೂರು ಹಾಳೆಗಳನ್ನೂ ಇದೇ ಪ್ರೋಗ್ರಾಮಿನಲ್ಲಿ ಬರೆದೆ. ಮೊದಲ ಹಾಳೆಯ ದಿಕ್ಕು 0, ಅದಕ್ಕೆ ಲಂಬವಾದದ್ದು 1, ನಡುವಿನ 45 ಡಿಗ್ರಿಯ ಹಾಳೆ ಎಂದರೆ ಎಚ್ ಹಾಕಿ ಅಳೆಯುವುದು: 0 ಸ್ಥಿತಿಯಿಂದ ಹೊರಟು, ಎಚ್ ಹಾಕಿ ಅಳೆದು, 0 ಬಂದವನ್ನು ಮಾತ್ರ ಉಳಿಸಿಕೊಂಡು, ಮತ್ತೆ ಎಚ್ ಹಾಕಿ, 1 ಎಷ್ಟು ಸಲ ಬಂತೆಂದು ಎಣಿಸುವುದು. ಉತ್ತರ 0.25. ಅದನ್ನು 0.82ರಿಂದ ಎರಡು ಸಲ ಗುಣಿಸಿದರೆ 0.168. ಪೆಟ್ಟಿಗೆ ಮೊದಲ ದಿನ ಕೊಟ್ಟದ್ದು 17.

ದಿನ 8: ಕೈಗವಸಿನ ಆಕ್ಷೇಪ

ಏಳನೆಯ ದಿನ ಕೆಲಸ ಮಾಡಲಿಲ್ಲ. ಎಂಟನೆಯ ದಿನ ಹೆಣೆದುಕೊಂಡ ಎರಡು ಕ್ಯೂಬಿಟ್‌ಗಳನ್ನು, ಅಂದರೆ 00 ಮತ್ತು 11 ಅರ್ಧರ್ಧ ಬರುವ ಜೋಡಿಯನ್ನು ನಾಲ್ವರಿಗೂ ತೋರಿಸಿದಾಗ ಬಂದ ಆಕ್ಷೇಪ ನ್ಯಾಯವಾಗಿಯೇ ಇತ್ತು: ಒಂದು ಜೊತೆ ಕೈಗವಸುಗಳನ್ನು ಎರಡು ಪೊಟ್ಟಣಗಳಲ್ಲಿ ಹಾಕಿ ಕಳುಹಿಸಿದರೂ ಒಂದನ್ನು ತೆರೆದ ಕೂಡಲೇ ಇನ್ನೊಂದು ಯಾವುದೆಂದು ತಿಳಿಯುತ್ತದೆ, ಇದರಲ್ಲಿ ವಿಶೇಷವೇನು? ಮೊದಲು ಅಳತೆಗೆ ಮುನ್ನ ಎರಡಕ್ಕೂ ಎಚ್ ಹಾಕಿ ನೋಡಿದೆವು. ನಾಣ್ಯ ಚಿಮ್ಮಿ ಒಂದೋ 00 ಅಥವಾ 11 ಎಂದು ತಯಾರಿಸಿದ ಜೋಡಿಗಳಲ್ಲಿ ನಾಲ್ಕೂ ಉತ್ತರಗಳು ಸಮಸಮ ಬಂದವು. ಹೆಣೆದುಕೊಂಡ ಜೋಡಿಯಲ್ಲಿ ಆಗಲೂ 00 ಮತ್ತು 11 ಮಾತ್ರ ಬಂದವು.

ಆದರೂ ಇದು ಪೂರ್ಣ ಉತ್ತರವಲ್ಲ, ಹೆಚ್ಚು ಜಾಣತನದ ಕೈಗವಸೊಂದನ್ನು ಕಲ್ಪಿಸಿಕೊಳ್ಳಬಹುದು. ಅದನ್ನೂ ಮುಚ್ಚಲು ಬೇಕಾದ ಪರೀಕ್ಷೆಗೆ ಜಾನ್ ಬೆಲ್ 1964ರಲ್ಲಿ ತಳಹದಿ ಹಾಕಿದರು, ಕ್ಲಾಸರ್, ಹಾರ್ನ್, ಶಿಮೊನಿ, ಹೋಲ್ಟ್ ಎಂಬ ನಾಲ್ವರು 1969ರಲ್ಲಿ ಅದನ್ನು ಪ್ರಯೋಗಕ್ಕೆ ಒಗ್ಗುವ ರೂಪಕ್ಕೆ ತಂದರು. ಮೊದಲ ಕ್ಯೂಬಿಟ್ಟನ್ನು ಎರಡು ಕೋನಗಳಲ್ಲಿ, ಎರಡನೆಯದನ್ನು ಬೇರೆ ಎರಡು ಕೋನಗಳಲ್ಲಿ ಅಳೆದು, ಎರಡರ ಉತ್ತರಗಳು ಎಷ್ಟು ಹೊಂದುತ್ತವೆಂದು ಹೇಳುವ ನಾಲ್ಕು ಸಂಖ್ಯೆಗಳಲ್ಲಿ ಮೂರನ್ನು ಕೂಡಿ ಒಂದನ್ನು ಕಳೆದರೆ, ಯಾವ ಕೈಗವಸಿನ ಏರ್ಪಾಡೂ 2ನ್ನು ಮೀರಲಾರದು, ಕ್ವಾಂಟಮ್ ಲೆಕ್ಕ 2.828ರವರೆಗೆ ಹೋಗುತ್ತದೆ.

ನನಗೆ ಬಂದದ್ದು 2.39. ಎರಡನ್ನು ಮೀರಿತ್ತಾದ್ದರಿಂದ ಸರಿಯೆಂದೇ ಸಂತೋಷಪಟ್ಟು ಊಟಕ್ಕೆ ಎದ್ದೆ. ಮರಳಿ ಬಂದು ನೋಡಿದಾಗ ಲೆಕ್ಕ ಹೊಂದಲಿಲ್ಲ. ಕೋನಗಳನ್ನು ನಾನು ಪೋಲರೈಸರ್ ಹಾಳೆಯ ಪದ್ಧತಿಯಲ್ಲಿ 0, 45, 22.5, 67.5 ಎಂದು ಕೊಟ್ಟಿದ್ದೆ, ಆದರೆ ತಿರುಗಿಸುವ ಗೇಟನ್ನು ಗೋಳದ ಪದ್ಧತಿಯಲ್ಲಿ, ಅಂದರೆ ಕ್ಯೂಬಿಟ್‌ನ ಸ್ಥಿತಿಗಳನ್ನು ಗೋಳವೊಂದರ ಮೇಲಿನ ಬಿಂದುಗಳಾಗಿ ಗುರುತಿಸುವ ರೀತಿಯಲ್ಲಿ, ಬರೆದಿದ್ದೆ. ಅದು ಕೊಟ್ಟ ಕೋನವನ್ನು ಒಳಗೇ ಅರ್ಧ ಮಾಡುತ್ತದೆ. ಹಾಳೆಯ ಮೇಲೆ 0 ಮತ್ತು 1ರ ನಡುವೆ 90 ಡಿಗ್ರಿ, ಗೋಳದ ಮೇಲೆ 180 ಡಿಗ್ರಿ. ಕೋನಗಳನ್ನು ಇಮ್ಮಡಿಸಿದ ಮೇಲೆ ತಲಾ 10,000 ಸಲದ ಅಳತೆಗೆ 2.82 ಬಂತು. ನೋಡುತ್ತಿದ್ದವರೊಬ್ಬರು ತಲಾ 200 ಸಲ ಮಾತ್ರ ಓಡಿಸಿ 2.95 ಪಡೆದು, ಗರಿಷ್ಠ ಮಿತಿಯೇ ಮುರಿಯಿತೆಂದು ಬೆರಗಾದರು. 200 ಸಲಕ್ಕೆ 0.1ರಷ್ಟು ಏರುಪೇರು ಸಹಜವೆಂದು ಹತ್ತು ಸಲ ಓಡಿಸಿ ತೋರಿಸಬೇಕಾಯಿತು. ನನ್ನ ಪ್ರೋಗ್ರಾಮ್ ನಿಸರ್ಗದ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ, ಅದು ಲೆಕ್ಕವನ್ನು ಪುನರಾವರ್ತಿಸುತ್ತದೆ ಅಷ್ಟೆ. ನಿಜವಾದ ಫೋಟಾನ್‌ಗಳಿಂದ ಇದನ್ನು ಮಾಡಿ ತೋರಿಸಿದ ಆಸ್ಪೆ, ಕ್ಲಾಸರ್ ಮತ್ತು ಝೈಲಿಂಗರ್ ಅವರಿಗೆ 2022ರ ಭೌತವಿಜ್ಞಾನದ ನೊಬೆಲ್ ಸಂದಿತು.

ದಿನ 9: ಎಂಟು ಡಬ್ಬಿಗಳಲ್ಲಿ ಹುಡುಕಾಟ

ಲೋವ್ ಗ್ರೋವರ್ 1996ರಲ್ಲಿ ಕೊಟ್ಟ ಹುಡುಕುವ ವಿಧಾನವನ್ನು ಮೂರು ಕ್ಯೂಬಿಟ್‌ಗಳಲ್ಲಿ, ಅಂದರೆ ಎಂಟು ಡಬ್ಬಿಗಳಲ್ಲಿ ಕಟ್ಟಿದೆ. ಬೇಕಾದ ಡಬ್ಬಿ 110. ಮೂರಕ್ಕೂ ಎಚ್ ಹಾಕಿದಾಗ ಎಂಟೂ ಆಂಪ್ಲಿಟ್ಯೂಡ್‌ಗಳು 0.3536 ಆದವು. ಬೇಕಾದ ಡಬ್ಬಿಯ ಚಿಹ್ನೆಯನ್ನು ಮೈನಸ್ ಮಾಡುವ ಮೊದಲ ಹೆಜ್ಜೆ ಬರೆದು ಸಂಭವನೀಯತೆಗಳನ್ನು ಮುದ್ರಿಸಿದರೆ ಎಂಟೂ 0.125 ಎಂದೇ ಇದ್ದವು. ಹೆಜ್ಜೆ ಕೆಲಸವೇ ಮಾಡುತ್ತಿಲ್ಲವೆಂದು ಭಾವಿಸಿ ಅದನ್ನು ಅಳಿಸಿ ಮತ್ತೆ ಬರೆದೆ, ಆಗಲೂ ಹಾಗೆಯೇ. ವರ್ಗ ಮಾಡಿದಾಗ ಮೈನಸ್ ಮಾಯವಾಗುತ್ತದೆಂಬುದನ್ನು ಎರಡನೆಯ ದಿನ ನಾನೇ ಚೀಟಿ ಹಿಡಿದು ವಿವರಿಸಿದ್ದೆ, ಆದರೂ ಇಲ್ಲಿ ಮರೆತೆ. ಅಂದಿನಿಂದ ಸಂಭವನೀಯತೆಯ ಪಕ್ಕದಲ್ಲಿ ಆಂಪ್ಲಿಟ್ಯೂಡನ್ನೂ ಚಿಹ್ನೆಯೊಡನೆ ಮುದ್ರಿಸುತ್ತೇನೆ.

ಎರಡನೆಯ ಹೆಜ್ಜೆಯಲ್ಲಿ ಎಲ್ಲ ಆಂಪ್ಲಿಟ್ಯೂಡ್‌ಗಳ ಸರಾಸರಿ ತೆಗೆದು, ಪ್ರತಿಯೊಂದನ್ನೂ ಆ ಸರಾಸರಿಯ ಆಚೆಬದಿಗೆ ಮಗುಚಬೇಕು. ಇದನ್ನು ಕಾಗದದ ಮೇಲೆ ಮಾಡಿಸಿದೆ. ಏಳು 0.3536, ಒಂದು −0.3536, ಸರಾಸರಿ 0.2652. ಮಗುಚಿದಾಗ ಏಳೂ 0.1768ಕ್ಕೆ ಕುಗ್ಗಿದವು, ಬೇಕಾದದ್ದು 0.8839ಕ್ಕೆ ಏರಿತು. ಅದರ ವರ್ಗ 0.78125. ಈ ಜೋಡಿ ಹೆಜ್ಜೆಗಳನ್ನು ಎರಡನೆಯ ಸಲ ಮಾಡಿದಾಗ 0.9453. ಹೆಚ್ಚು ಸಲ ಮಾಡಿದಷ್ಟೂ ಒಳ್ಳೆಯದೆಂದು ಎಲ್ಲರೂ ಊಹಿಸಿದರು, ಮೂರನೆಯ ಸಲಕ್ಕೆ 0.3301ಕ್ಕೆ ಇಳಿಯಿತು, ನಾಲ್ಕನೆಯ ಸಲಕ್ಕೆ 0.0122. ಎಲ್ಲಿ ನಿಲ್ಲಿಸಬೇಕೆಂಬುದು ಈ ವಿಧಾನದ ಭಾಗವೇ ಆಗಿದೆ. 20 ಕ್ಯೂಬಿಟ್‌ಗಳಿಗೆ, ಅಂದರೆ 10,48,576 ಡಬ್ಬಿಗಳಿಗೆ, ಸುಮಾರು 804 ಸಲ ಮಾಡಿ ನಿಲ್ಲಿಸಬೇಕು. ಒಂದೊಂದೇ ಡಬ್ಬಿ ತೆರೆಯುವವರಿಗೆ ಸರಾಸರಿ ಐದು ಲಕ್ಷಕ್ಕೂ ಹೆಚ್ಚು ಸಲ ಬೇಕು. ಈ ಲಾಭ ನಿಜವಾದ ಕ್ವಾಂಟಮ್ ಯಂತ್ರದ್ದು. ನನ್ನ ಸಿಮ್ಯುಲೇಟರ್ ಪ್ರತಿ ಹೆಜ್ಜೆಗೂ ಎಲ್ಲ ಸಂಖ್ಯೆಗಳನ್ನೂ ಮುಟ್ಟುವುದರಿಂದ ಅದರಲ್ಲಿ ಯಾವ ವೇಗವೂ ಇಲ್ಲವೆಂಬುದನ್ನು ಹೇಳದೆ ಬಿಟ್ಟರೆ ಕಲಿಯುವವರು ತಪ್ಪು ತಿಳಿಯುತ್ತಾರೆ.

ದಿನ 11: ಎಸ್ ಗೇಟ್, ಮತ್ತು ಖಾನೆಯಲ್ಲಿದ್ದ ಗಾಜುಗಳು

ಇಲ್ಲಿಯವರೆಗಿನ ಎಲ್ಲ ಗೇಟ್‌ಗಳೂ ವಾಸ್ತವ ಸಂಖ್ಯೆಗಳಲ್ಲಿ ಮುಗಿದಿದ್ದವು. ಕೊನೆಯದಾಗಿ ಎಸ್ ಗೇಟ್ ಸೇರಿಸಿದೆ. ಅದು 1ರ ಆಂಪ್ಲಿಟ್ಯೂಡನ್ನು −1ರ ವರ್ಗಮೂಲದಿಂದ ಗುಣಿಸುತ್ತದೆ. ಎಚ್, ಎಸ್, ಎಚ್ ಹಾಕಿದರೆ ಅರ್ಧರ್ಧ ಬರಬೇಕು, ಬಂತು. ಎಚ್, ಎಸ್, ಎಸ್, ಎಚ್ ಹಾಕಿದರೆ ಯಾವಾಗಲೂ 1 ಬರಬೇಕು. ಆಗಲೂ ಅರ್ಧರ್ಧವೇ ಬಂತು. ನಮ್‌ಪೈ ಒಂದು ಎಚ್ಚರಿಕೆಯನ್ನು ಮುದ್ರಿಸಿತ್ತು, ಅದನ್ನು ಓದಿರಲಿಲ್ಲ. ಆಂಪ್ಲಿಟ್ಯೂಡ್‌ಗಳನ್ನು ಇಟ್ಟಿದ್ದ ನನ್ನ ಅರೇ, ಅಂದರೆ ಪಟ್ಟಿ, ವಾಸ್ತವ ಸಂಖ್ಯೆಗಳದ್ದು, ಪ್ರತಿ ಸಂಖ್ಯೆಗೆ 8 ಬೈಟ್. ಸಂಕೀರ್ಣ ಸಂಖ್ಯೆಗೆ 16 ಬೇಕು. ಎಸ್ ಗೇಟ್ ಕೊಟ್ಟ ಕಾಲ್ಪನಿಕ ಭಾಗವನ್ನು ಅರೇ ಕೈಬಿಡುತ್ತಿತ್ತು, ಸಂಭವನೀಯತೆಗಳ ಮೊತ್ತ 0.5ಕ್ಕೆ ಇಳಿಯುತ್ತಿತ್ತು, ಆರನೆಯ ದಿನ ನಾನು ಹಾಕಿದ್ದ ಭಾಗಾಕಾರದ ಸಾಲು ಅದನ್ನು ಮತ್ತೆ 1 ಮಾಡಿ ಮುಚ್ಚಿಹಾಕುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಬಂದ ಸರಿಯುತ್ತರ ಕಾಕತಾಳೀಯವಾಗಿತ್ತು. ಆ ಸಾಲನ್ನು ತೆಗೆದು, ಮೊತ್ತವು 1ರಿಂದ ಹತ್ತನೆಯ ದಶಮಾಂಶಕ್ಕಿಂತ ಹೆಚ್ಚು ದೂರವಾದರೆ ಪ್ರೋಗ್ರಾಮ್ ನಿಲ್ಲುವಂತೆ ಮಾಡಿದೆ, ಅರೇಯನ್ನು ಸಂಕೀರ್ಣ ಸಂಖ್ಯೆಗಳಿಗೆ ಬದಲಿಸಿದೆ. ಎರಡನೆಯ ಪರೀಕ್ಷೆ 1000ಕ್ಕೆ 1000 ಸಲ 1 ಎಂದಿತು. ಮೆಮೊರಿ ಇಮ್ಮಡಿಯಾಯಿತು: 26 ಕ್ಯೂಬಿಟ್‌ಗಳಿಗೆ 1 ಜಿಬಿ, 27ಕ್ಕೆ 2 ಜಿಬಿ. ಗೇಟ್ ಹಾಕುವಾಗ ಒಂದು ಪ್ರತಿಯೂ ಬೇಕಾಗುವುದರಿಂದ ನನ್ನ ಕಂಪ್ಯೂಟರ್‌ಗೆ ಇದೇ ಮಿತಿ.

ಎಚ್, ಎಸ್, ಎಚ್ ಎಂದು ಹಲಗೆಯ ಮೇಲೆ ಬರೆದು ನೋಡುತ್ತಿದ್ದಾಗ ಮೊದಲ ದಿನದ ಕನ್ನಡಕ ನೆನಪಾಯಿತು. ಮೊದಲ ಗಾಜಿನಿಂದ ಹೊರಬಂದ ರೇಖೀಯ ಬೆಳಕು ಎರಡನೆಯದರ ಕಾಲು-ತರಂಗದ ಪದರವನ್ನು ಹೊಗುತ್ತದೆ. ಆ ಪದರದ ಅಕ್ಷ 45 ಡಿಗ್ರಿ ಓರೆಯಾಗಿರುವುದರಿಂದ ಒಳಹೋಗುವುದು ಒಂದು ಎಚ್, ಪದರ ಒಂದು ಘಟಕವನ್ನು ಕಾಲು ತರಂಗದಷ್ಟು ಹಿಂದೆ ಹಾಕುವುದು ಒಂದು ಎಸ್, ಹಿಂದಿನ ರೇಖೀಯ ಹಾಳೆ ಕೇಳುವ ಪ್ರಶ್ನೆ ಇನ್ನೊಂದು ಎಚ್. ಉತ್ತರ ಅರ್ಧರ್ಧವೇ ಬರಬೇಕು, ಗಾಜನ್ನು ತಿರುಗಿಸಿದರೂ ಬದಲಾಗಬಾರದು. ಅಂದು ನಾನು ದೋಷವೆಂದು ತೆಗೆದಿಟ್ಟದ್ದು ಇದನ್ನೇ. ಖಾನೆಯಿಂದ ಗಾಜುಗಳನ್ನು ತೆಗೆದು, ಎಡಗಣ್ಣಿನದೊಂದು ಬಲಗಣ್ಣಿನದೊಂದನ್ನು ಹೊರಮುಖಗಳು ಎದುರಾಗುವಂತೆ ಹಿಡಿದೆ. ಈಗ ನಡುವೆ ಎರಡು ಪದರಗಳು, ಅಂದರೆ ಎಸ್, ಎಸ್. ಯಾವ ಕೋನಕ್ಕೆ ತಿರುಗಿಸಿದರೂ ಕತ್ತಲೆಯೇ. ಎರಡೂ ಎಡಗಣ್ಣಿನ ಗಾಜುಗಳನ್ನು ಹಾಗೆಯೇ ಹಿಡಿದಾಗ ಎರಡನೆಯ ಪದರ ಮೊದಲನೆಯದರ ಕೆಲಸವನ್ನು ರದ್ದು ಮಾಡಿತು, ಯಾವ ಕೋನದಲ್ಲಿಯೂ ಬೆಳಕು ದಾಟಿತು.

ಆ ಸಂಜೆಯೇ ಗಾಜುಗಳಿಗೂ ರಟ್ಟಿನ ಚೌಕಟ್ಟು ಕಟ್ಟಿ, ಹೊರಮುಖ ಯಾವುದೆಂದು ತಿಳಿಯಲು ಅಂಚಿಗೆ ಬಿಳಿ ಚುಕ್ಕೆ ಇಟ್ಟು, ಪೆಟ್ಟಿಗೆಯಲ್ಲಿ ನಾಲ್ಕನೆಯ ಸೀಳು ಕೊರೆದೆ. ಅದರ ಮೇಲೆ ಎಸ್ ಎಂದು ಬರೆದಿದ್ದೇನೆ.